ಮೂರನೇ ಚೀಲದ ಲೆಕ್ಕ

ಗಣಿತ ತಲೆಗೆ ಹತ್ತಲ್ವಾ, ಆರ್ಟ್ಸ್ ತಗೋ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ನಮ್ಮೂರ ಕಡೆ ಕೇಳೋ ಮಾತು ಇದು. ನಾವೂ ಹಾಗೇ ಪಿಯುಸಿಗೆ ಹೋದವರು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಹೀಗೆ ಗಣಿತಕ್ಕೆ ಕೈಮುಗಿದು ಬಂದ ಹುಡುಗರಿಗೆ ಡಿಗ್ರಿ ಅರ್ಥಶಾಸ್ತ್ರದಲ್ಲಿ, ಎಂ.ಎ.ಯಲ್ಲಂತೂ ಇನ್ನೂ ಜೋರಾಗಿ, ಅದು ಮತ್ತೆ ಎದುರಾಗುತ್ತದೆ: ಅವಕಲನ, ಮ್ಯಾಟ್ರಿಕ್ಸ್.

ವರದಿಗೆಂದು ಕಾಲೇಜುಗಳಿಗೆ ಹೋದಾಗೆಲ್ಲ ನಾವು ಕಂಡದ್ದು ಒಂದೇ. ಬೋರ್ಡಿನ ಮೇಲಿನ ಸೂತ್ರ ನೋಟ್ಸಿಗೆ, ನೋಟ್ಸಿಂದ ಉತ್ತರಪತ್ರಿಕೆಗೆ. ಅದು ಯಾತಕ್ಕೆ ಅಂತ ಯಾರೂ ಕೇಳಲ್ಲ.

ಗೋವಿನಜೋಳಕ್ಕೆ ಯೂರಿಯಾ ಹಾಕ್ತೀರಿ. ಮೊದಲ ಚೀಲಕ್ಕೆ ಎಕರೆಗೆ ನಾಲ್ಕು ಕ್ವಿಂಟಲ್ ಹೆಚ್ಚು ಬಂತು ಅಂತಿಟ್ಟುಕೊಳ್ಳಿ. ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಬರೀ ಹತ್ತು ಕೆಜಿ. ಮೂರನೇ ಚೀಲ ಬೇಕಾ? ಒಟ್ಟು ಇಳುವರಿ ನೋಡಿದರೆ ಗೊತ್ತಾಗಲ್ಲ. ಆ ಹತ್ತು ಕೆಜಿಯ ಬೆಲೆ ಒಂದು ಕಡೆ, ಚೀಲದ ದುಡ್ಡು, ಎರಚುವ ಕೂಲಿ ಇನ್ನೊಂದು ಕಡೆ ಇಟ್ಟು ನೋಡಬೇಕು. ಪುಸ್ತಕ ಇದನ್ನೇ ಸೀಮಾಂತ ಉತ್ಪನ್ನ ಅನ್ನುತ್ತದೆ. ಚೀಲದ ಬದಲು ಕೆಜಿ, ಕೆಜಿ ಬದಲು ಗ್ರಾಂ ಅಂತ ಸಣ್ಣದು ಮಾಡುತ್ತ ಹೋದರೆ ಅವಕಲನ. ನಮ್ಮಪ್ಪಂದಿರು ಬದುವಿನ ಮೇಲೆ ನಿಂತು ಮಾಡೋ ಲೆಕ್ಕ!

ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ ಗಣಿತ ಓದಿಯೇ ಅರ್ಥಶಾಸ್ತ್ರಕ್ಕೆ ಬಂದವರು. ಆದರೂ 1890ರ ತಮ್ಮ ದೊಡ್ಡ ಪುಸ್ತಕದಲ್ಲಿ ಗಣಿತವನ್ನು ಅಡಿಟಿಪ್ಪಣಿಗೆ, ಕೊನೆಯ ಅನುಬಂಧಕ್ಕೆ ತಳ್ಳಿದರು. ಮಾತಿನಲ್ಲಿ, ಬದುಕಿನ ಉದಾಹರಣೆಯಲ್ಲಿ ಹೇಳಲಾಗದ ಲೆಕ್ಕದ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

ಹಾಗಾದ್ರೆ ಗಣಿತವನ್ನೇ ತೆಗೆದುಬಿಡಿ ಅನ್ನೋರಿದ್ದಾರೆ. ನಾವು ಒಪ್ಪಲ್ಲ. ಬೆಂಬಲ ಬೆಲೆಯನ್ನೇ ನೋಡಿ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಲೆಕ್ಕದಲ್ಲಿ ಎ2 ಅಂದರೆ ರೈತ ಕೈಯಿಂದ ಹಾಕಿದ ಖರ್ಚು. ಎಫ್‌ಎಲ್ ಅಂದರೆ ಮನೆಮಂದಿಯ ದುಡಿಮೆ. ಸಿ2ರಲ್ಲಿ ಸ್ವಂತ ಜಮೀನಿನ ಗೇಣಿ, ಬಂಡವಾಳದ ಬಡ್ಡಿಯೂ ಸೇರುತ್ತದೆ. ಸರ್ಕಾರ ಒಂದೂವರೆ ಪಟ್ಟು ಅನ್ನುವುದು ಎ2 ಮತ್ತು ಎಫ್‌ಎಲ್ ಕೂಡಿಸಿದ ಮೊತ್ತಕ್ಕೆ. ರೈತ ಸಂಘಟನೆಗಳು ಕೇಳುವುದು ಸಿ2ಕ್ಕೆ. ಅವ್ವ ಕಳೆ ಕಿತ್ತ ದಿನಕ್ಕೆ ಎಷ್ಟು ಕೂಲಿ ಹಿಡಿಯಬೇಕು ಅಂತ ವಾದ ಮಾಡಲು ಆ ಮೇಜಿನ ಮುಂದೆ ಕೂರಬೇಕಾದವರು ಹಳ್ಳಿ ಮಕ್ಕಳು. ಗಣಿತದ ಹೆದರಿಕೆಗೆ ಅರ್ಥಶಾಸ್ತ್ರ ಬಿಟ್ಟವರೂ ಅವರೇ.

ನಿಮ್ಮನೇಲಿ ಅರ್ಥಶಾಸ್ತ್ರ ಓದೋ ಮಗನೋ ಮಗಳೋ ಇದ್ದರೆ ಗೊಬ್ಬರದಂಗಡಿ ಚೀಟಿ, ಎಪಿಎಂಸಿ ಪಟ್ಟಿ ಒಂದು ದಿನ ಕ್ಲಾಸಿಗೆ ಒಯ್ಯಲು ಹೇಳಿ. ಮೇಷ್ಟ್ರು ಬೇಡ ಅನ್ನಲಿಕ್ಕಿಲ್ಲ.