ಕಿರುಬೆರಳಿನಷ್ಟು ತೆರವು

ಇಂಗ್ಲೆಂಡಿನ ಶೆಫೀಲ್ಡ್ ನಗರವನ್ನು ಲೋಕವು ಉಕ್ಕಿನ ಊರೆಂದು ಬಲ್ಲದು. ಚೂರಿ ಕತ್ತರಿಗಳಿಗೆ ಶತಮಾನಗಳಿಂದ ಹೆಸರಾದ ಈ ಊರಿನಲ್ಲಿಯೇ 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞನು ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದನು. ಆದರೆ ನಗರದ ಪಡುವಣ ಅಂಚಿಗೆ ಬಂದು ನಿಂತವನಿಗೆ ಕುಲುಮೆಗಳ ನೆನಪೇ ಉಳಿಯದು. ಮನೆಗಳ ಸಾಲು ಒಮ್ಮೆಲೇ ಮುಗಿದು, ಕಣ್ಣು ಹರಿಯುವಷ್ಟು ದೂರವೂ ಕಂದುಬಣ್ಣದ ಪೊದೆಗಳ ಬೋಳು ಬೆಟ್ಟ, ಕಪ್ಪು ಬಂಡೆಗಳ ಅಂಚು, ಅವುಗಳ ಮೇಲೆ ಮೈಚಾಚಿದ ಮಂಜು. ಇದೇ ಪೀಕ್ ಡಿಸ್ಟ್ರಿಕ್ಟ್. 1951ರಲ್ಲಿ ಬ್ರಿಟನ್ನಿನ ಮೊತ್ತಮೊದಲ ರಾಷ್ಟ್ರೀಯ ಉದ್ಯಾನವಾದ ಸೀಮೆ. ಶೆಫೀಲ್ಡಿನ ಸುಮಾರು ಮೂರರಲ್ಲೊಂದು ಪಾಲು ಈ ಉದ್ಯಾನದ ಎಲ್ಲೆಯೊಳಗೇ ಸೇರಿದೆಯೆಂದರೆ, ಊರಿಗೂ ಬೆಟ್ಟಕ್ಕೂ ಇರುವ ನಂಟನ್ನು ಓದುಗರು ಊಹಿಸಿಕೊಳ್ಳಬಹುದು.

ಬೇಸಗೆಯಲ್ಲಿ ಈ ಬೆಟ್ಟಗಳಿಗೆ ಬರುವವರಿಗೆ ಲೆಕ್ಕವಿಲ್ಲ. ಆದರೆ ಇವುಗಳ ನಿಜವಾದ ನೆಂಟರು ಯಾರೆಂದು ತಿಳಿಯಬೇಕಾದರೆ ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಗ್ಗೆ ನೋಡಬೇಕು. ಆಗ ಸೂರ್ಯನು ಎಂಟು ಗಂಟೆ ಕಳೆದ ಮೇಲೆ ಏಳುತ್ತಾನೆ. ಸಂಜೆ ನಾಲ್ಕು ಹೊಡೆಯುವ ಮುನ್ನವೇ ಮುಳುಗಿಬಿಡುತ್ತಾನೆ. ಆ ಕಿರುಹಗಲಿನಲ್ಲಿಯೂ ಎಂಟು ಹತ್ತು ಮಂದಿಯ ಸೈಕಲ್ ತಂಡಗಳು ರಿಂಗಿಂಗ್‌ಲೋ ರಸ್ತೆಯ ಉದ್ದನೆಯ ಏರನ್ನು ಹತ್ತುತ್ತಿರುತ್ತವೆ. ಬರ್ಬೇಜ್ ಕಣಿವೆಯ ನೆತ್ತಿಯನ್ನು ಬಳಸಿ, ಹ್ಯಾದರ್ಸೇಜಿಗೆ ಇಳಿದು, ಬ್ಯಾಮ್‌ಫರ್ಡ್, ಹೋಪ್ ಎಂಬ ಹಳ್ಳಿಗಳ ಮೇಲೆ ಕ್ಯಾಸಲ್ಟನ್ನಿಗೆ ಹೋಗುವುದು ಅವರು ಮೆಚ್ಚಿದ ದಾರಿಗಳಲ್ಲೊಂದು. ಹ್ಯಾದರ್ಸೇಜ್ ಎಂದರೆ 1845ರಲ್ಲಿ ಕಾದಂಬರಿಗಾರ್ತಿ ಶಾರ್ಲೆಟ್ ಬ್ರಾಂಟೆ ಬಂದು ತಂಗಿದ್ದ ಊರು. ಕ್ಯಾಸಲ್ಟನ್ನಿನಾಚೆ ಮಾಮ್ ಟಾರ್ ಎಂಬ ಜಾರುಬೆಟ್ಟವಿದೆ. ಅದರ ಮಗ್ಗುಲಿನ ಹೆದ್ದಾರಿಯು ಮತ್ತೆ ಮತ್ತೆ ಕುಸಿದದ್ದರಿಂದ 1979ರಲ್ಲಿ ಅದನ್ನು ವಾಹನಗಳಿಗೆ ಮುಚ್ಚಿಬಿಟ್ಟರು. ಮುಂದೆ ಸಾಗಬೇಕಾದವರಿಗೆ ಸುಣ್ಣಕಲ್ಲಿನ ಗೋಡೆಗಳ ನಡುವೆ ಸೆಟೆದು ನಿಂತಿರುವ ವಿನ್ನಟ್ಸ್ ಕಣಿವೆಯ ಏರೇ ಗತಿ. ಐದು ಅಡಿ ಮುಂದೆ ಸರಿದರೆ ಒಂದಡಿ ಮೇಲೇರಿಸುವ ದಾರಿ ಅದು.

ಕೂಡಿ ಸೈಕಲ್ ಹತ್ತಿ ಹೊರಡುವ ಈ ಪದ್ಧತಿ ಆ ನಾಡಿನಲ್ಲಿ ಹೊಸತಲ್ಲ. ಇದೇ ಯಾರ್ಕ್‌ಷೈರ್ ಸೀಮೆಯ ಹ್ಯಾರೊಗೇಟಿನಲ್ಲಿ 1878ರಷ್ಟು ಹಿಂದೆಯೇ ಸೈಕಲ್ ಪ್ರವಾಸಿಗಳ ಸಂಘವೊಂದು ಹುಟ್ಟಿತ್ತು. ಇಂದಿಗೂ ಉಳಿದು ಬಂದಿರುವ ಈ ಕೂಟಗಳಲ್ಲಿ ಗುಮಾಸ್ತರು, ದಾದಿಯರು, ಉಪಾಧ್ಯಾಯರು, ನಿವೃತ್ತರು ಎಲ್ಲರೂ ಉಂಟು. ಅವರು ಚಳಿಗಾಲದಲ್ಲಿ ಏರುವ ವಾಹನವನ್ನು ಮಾತ್ರ ಹತ್ತಿರದಿಂದ ಗಮನಿಸಬೇಕು. ಅದು ಬೇಸಗೆಯಲ್ಲಿ ಮಿನುಗುವ ಓಟದ ಸೈಕಲ್ಲಲ್ಲ. ಹ್ಯಾಂಡಲು ಓಟದ ಸೈಕಲ್ಲಿನಂತೆಯೇ ಬಾಗಿರುತ್ತದೆ, ಕುಳಿತುಕೊಳ್ಳುವ ಭಂಗಿಯೂ ಅದೇ. ಆದರೆ ಟೈರು ಕೊಂಚ ದಪ್ಪ, ಎರಡು ಚಕ್ರಕ್ಕೂ ಉದ್ದನೆಯ ಮಡ್‌ಗಾರ್ಡು, ಬಣ್ಣ ಸಾಮಾನ್ಯವಾಗಿ ಮಾಸಲು. ಇಂಥದೊಂದನ್ನು ಆರಿಸುವುದೆಂದರೆ ಅಲ್ಲಿಯ ಸವಾರರಿಗೆ ಹೆಣ್ಣು ನೋಡುವಷ್ಟು ಚರ್ಚೆಯ ವಿಷಯ!

ದಾರಿಯ ನಾಲ್ಕು ಶತ್ರುಗಳು

ಚರ್ಚೆ ಏಕೆಂಬುದು ಆ ರಸ್ತೆಗಳನ್ನು ಕಂಡರೆ ತಿಳಿಯುತ್ತದೆ. ಮೊದಲನೆಯ ಶತ್ರು ನೀರು. ಅಲ್ಲಿಯ ಮಳೆ ಮಲೆನಾಡಿನ ಮಳೆಯಂತೆ ಸುರಿದು ಬಿಡುವುದಿಲ್ಲ, ಜಿನುಗುತ್ತಲೇ ಇರುತ್ತದೆ. ಬಿಸಿಲು ನಿಶ್ಶಕ್ತವಾದ್ದರಿಂದ ಒಮ್ಮೆ ತೊಯ್ದ ರಸ್ತೆ ವಾರಗಟ್ಟಲೆ ಒಣಗದೆ ಇರುವುದೂ ಉಂಟು. ಎರಡನೆಯದು ಉಪ್ಪು. ರಾತ್ರಿ ರಸ್ತೆ ಹೆಪ್ಪುಗಟ್ಟುವ ಸೂಚನೆ ಕಂಡೊಡನೆ ಲಾರಿಗಳು ಕಲ್ಲುಪ್ಪನ್ನು ಎರಚುತ್ತ ಹೋಗುತ್ತವೆ. ಬೆಟ್ಟದಾಚೆಯ ಚೆಷೈರ್ ಸೀಮೆಯ ವಿನ್ಸ್‌ಫರ್ಡ್ ಎಂಬಲ್ಲಿ, ನೆಲದಿಂದ ಸುಮಾರು 150 ಮೀಟರ್ ಕೆಳಗೆ, 1844ರಲ್ಲಿ ಪತ್ತೆಯಾದ ಉಪ್ಪಿನ ಗಣಿಯೊಂದಿದೆ. ಬ್ರಿಟನ್ನಿನ ರಸ್ತೆಗಳಿಗೆ ಬೀಳುವ ಉಪ್ಪಿನ ಬಹುಭಾಗ ಬರುವುದು ಇಂಥ ಗಣಿಗಳಿಂದಲೇ. ಉಪ್ಪು ಹಿಮವನ್ನು ಕರಗಿಸುತ್ತದೆ. ಜೊತೆಗೆ ಕಬ್ಬಿಣವನ್ನೂ ತಿನ್ನುತ್ತದೆ. ಮೂರನೆಯದು ರಾಡಿ: ಹೊಲದಿಂದ ಹೊಲಕ್ಕೆ ದಾಟುವ ದನಕುರಿಗಳ ಸೆಗಣಿ, ಟ್ರ್ಯಾಕ್ಟರಿನ ಗಾಲಿಯಿಂದ ಉದುರಿದ ಮಣ್ಣು. ನಾಲ್ಕನೆಯದು ಮುಳ್ಳು. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಹೊಲದ ಬೇಲಿಗಳನ್ನು ಸವರಬಾರದೆಂಬ ಕಟ್ಟಳೆ ಅಲ್ಲಿದೆ. ಆದ್ದರಿಂದ ಸವರುವ ಕೆಲಸವೆಲ್ಲ ಆಗಸ್ಟ್ ಕಳೆದ ಮೇಲೆಯೇ ನಡೆದು, ಚಳಿಗಾಲದಲ್ಲಿ ಮುಳ್ಳಿನ ಕಡ್ಡಿಗಳು ರಸ್ತೆಯ ಮೇಲೆ ಬಿದ್ದಿರುತ್ತವೆ.

ಮುಳ್ಳಿಗೆ ಗಟ್ಟಿಯಾದ ಟೈರು ಮದ್ದು. ಒದ್ದೆ ನೆಲದ ಮೇಲೆ ಹಿಡಿತಕ್ಕೆ ತುಸು ಅಗಲವಾದ, ಗಾಳಿಯ ಒತ್ತಡ ಕಡಮೆಯಿರುವ ಟೈರು ಮದ್ದು. ನೀರಿಗೂ ರಾಡಿಗೂ ಮಡ್‌ಗಾರ್ಡು ಮದ್ದು. ಮುಂದಿನ ಚಕ್ರ ಚಿಮ್ಮಿಸುವ ನೀರು ಸವಾರನ ಪಾದಗಳನ್ನು ಮರಗಟ್ಟಿಸುತ್ತದೆ. ಹಿಂದಿನ ಚಕ್ರದ ನೀರಾದರೋ ಅವನ ಬೆನ್ನಿಗೆ ಬಡಿದು, ಅಷ್ಟಕ್ಕೇ ಸುಮ್ಮನಾಗದೆ, ಹಿಂದೆ ಬರುತ್ತಿರುವವನ ಮುಖಕ್ಕೆ ಎರಚುತ್ತದೆ. ಸೆಗಣಿ ಬೆರೆತ ನೀರೆಂಬುದನ್ನು ಮರೆಯುವಂತಿಲ್ಲ. ಗಾಳಿಯನ್ನು ತಪ್ಪಿಸಿಕೊಳ್ಳಲು ಒಬ್ಬನ ಚಕ್ರಕ್ಕೆ ಇನ್ನೊಬ್ಬನು ಮೊಳದಂತರದಲ್ಲಿ ಅಂಟಿಕೊಂಡು ಹೋಗುವ ಕೂಟದಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದಲೇ ಹಿಂದಿನ ಮಡ್‌ಗಾರ್ಡಿನ ತುದಿಗೆ ನೆಲ ಮುಟ್ಟುವಂತೆ ರಬ್ಬರಿನ ನಾಲಗೆಯೊಂದನ್ನು ತೂಗುಬಿಡುವುದು ಅಲ್ಲಿಯ ಸಭ್ಯತೆ. ಅದಿಲ್ಲದೆ ಬಂದವನು ಎಷ್ಟೇ ಗಟ್ಟಿಗನಾದರೂ ಸಾಲಿನ ಕೊನೆಯಲ್ಲಿ ಒಂಟಿಯಾಗಿ ಬರಬೇಕೆಂಬುದು ಎಷ್ಟೋ ಕೂಟಗಳ ಅಲಿಖಿತ ಶಾಸನ.

ತೆರವು ಕಾಣೆಯಾದ ಬಗೆ

ಹಿಂದೆ ಈ ತೊಡಕು ಇರಲಿಲ್ಲ. 1930ರಿಂದ 1950ರವರೆಗಿನ ದಶಕಗಳಲ್ಲಿ ಕಾರ್ಖಾನೆಯ ಕೆಲಸಗಾರನಿಗೆ ಇದ್ದುದು ಒಂದೇ ಸೈಕಲ್ಲು. ವಾರವೆಲ್ಲ ಅದರ ಮೇಲೆ ಕೆಲಸಕ್ಕೆ ಹೋಗುವನು. ಭಾನುವಾರ ಪಂದ್ಯವಿದ್ದರೆ, ಹಗುರವಾದ ಓಟದ ಚಕ್ರಗಳೆರಡನ್ನು ಮುಂದಿನ ಅಚ್ಚಿನ ಎರಡು ಮಗ್ಗುಲಿಗೂ ಕಟ್ಟಿಕೊಂಡು, ಅದೇ ಸೈಕಲ್ಲನ್ನು ತುಳಿದು ಪಂದ್ಯದ ಸ್ಥಳಕ್ಕೆ ಮುಟ್ಟುವನು. ಅಲ್ಲಿ ಮಡ್‌ಗಾರ್ಡು ಕಳಚಿ, ಚಕ್ರ ಬದಲಿಸಿ, ಪಂದ್ಯ ಮುಗಿಸಿ, ಮತ್ತೆ ಎಲ್ಲವನ್ನೂ ಜೋಡಿಸಿಕೊಂಡು ಮನೆಗೆ ಹಿಂದಿರುಗುವನು. 1935ರಲ್ಲಿ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ ಹೊರತಂದ 531 ಎಂಬ ಹಗುರ ಉಕ್ಕಿನ ಕೊಳವೆಗಳಿಂದ ಕಟ್ಟಿದ ಒಳ್ಳೆಯ ಫ್ರೇಮುಗಳಲ್ಲಿಯೂ ಟೈರಿಗೂ ಫೋರ್ಕಿಗೂ ನಡುವೆ ಧಾರಾಳವಾದ ತೆರವಿರುತ್ತಿತ್ತು.

ಮುಂದಿನ ದಶಕಗಳಲ್ಲಿ ಪಂದ್ಯದ ಶೋಕಿ ಆ ತೆರವನ್ನು ನುಂಗಿತು. ಚಕ್ರವು ಫ್ರೇಮಿಗೆ ಅಂಟಿಕೊಂಡಷ್ಟೂ ಸೈಕಲ್ಲು ಚುರುಕೆಂಬ ನಂಬಿಕೆ ಬೆಳೆಯಿತು. ಟೈರು 23 ಮಿಲಿಮೀಟರಿಗೆ ಸೊರಗಿತು. ಅದರ ನೆತ್ತಿಗೂ ಬ್ರೇಕಿಗೂ ನಡುವೆ ಕಾಗದದ ಮಡಿಕೆಯಷ್ಟೇ ಎಡೆ ಉಳಿಯಿತು. ಮಡ್‌ಗಾರ್ಡು ಸಿಕ್ಕಿಸುವ ತಿರುಪಿನ ತೂತುಗಳೂ ಮಾಯವಾದವು. ಹೀಗೆ ಬೇಸಗೆಗೊಂದು, ಚಳಿಗಾಲಕ್ಕೊಂದು ಎಂದು ಮನೆಯಲ್ಲಿ ಎರಡು ಸೈಕಲ್ಲು ಇರಬೇಕಾಯಿತು. ಈಚೆಗೆ ಡಿಸ್ಕ್ ಬ್ರೇಕು ಬಂದು, 2018ರಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ರಸ್ತೆಯ ಪಂದ್ಯಗಳಿಗೂ ಅದಕ್ಕೆ ಪೂರ್ಣ ಒಪ್ಪಿಗೆ ಕೊಟ್ಟ ಮೇಲೆ ಗಾಳಿ ತಿರುಗಿತು. ಈ ಬ್ರೇಕು ಚಕ್ರದ ನೆತ್ತಿಯನ್ನು ಬಿಟ್ಟು ನಡುವನ್ನು ಹಿಡಿಯುವುದರಿಂದ ಟೈರಿನ ಮೇಲಿನ ಜಾಗ ಬಿಡುವಾಯಿತು. ಆದರೆ ಬಿಡುವಾದ ಜಾಗಕ್ಕೆ ಓಟದ ಸೈಕಲ್ಲುಗಳಲ್ಲಿ ಇನ್ನೂ ದಪ್ಪ ಟೈರೇ ಬಂದು ಕುಳಿತುಬಿಟ್ಟಿತು! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆಯಂತೆ, ಟೈರೂ ಮಡ್‌ಗಾರ್ಡೂ ಅದೇ ಅಂಗುಲಕ್ಕಾಗಿ ಇಂದಿಗೂ ಹೋರಾಡುತ್ತಲೇ ಇವೆ.

ಅಂಗಡಿಯಲ್ಲಿ ಕೇಳಬೇಕಾದ ಮಾತು

ಅನುಭವವಿಲ್ಲದ ಗಿರಾಕಿ ಅಂಗಡಿಗೆ ಹೋಗಿ, “ಇದಕ್ಕೆ ಎಷ್ಟು ದಪ್ಪದ ಟೈರು ಹಿಡಿಸುತ್ತದೆ?” ಎಂದು ಕೇಳುತ್ತಾನೆ. “32” ಎಂದು ಉತ್ತರ ಬರುತ್ತದೆ. ಅವನು ತೃಪ್ತನಾಗಿ ಹಣ ತೆರುತ್ತಾನೆ. ಅನುಭವಸ್ಥನು ಇನ್ನೊಂದು ಮಾತು ಕೇಳುತ್ತಾನೆ: “ಮಡ್‌ಗಾರ್ಡು ಸಹಿತವೋ, ರಹಿತವೋ?” ಈ ಎರಡನೆಯ ಪ್ರಶ್ನೆಯಲ್ಲಿಯೇ ಇಡೀ ಚಳಿಗಾಲದ ಸುಖದುಃಖ ಅಡಗಿದೆ. ಬರಿಯ ಟೈರಿಗೆ 32 ಹಿಡಿಸುವ ಫ್ರೇಮು ಮಡ್‌ಗಾರ್ಡು ಸೇರಿದೊಡನೆ 28ಕ್ಕೆ ಇಳಿಯುವುದು ಸಾಮಾನ್ಯ. ಅದೂ ಅಲ್ಲದೆ, 28 ಎಂದು ಮುದ್ರಿಸಿದ ಟೈರು ಅಗಲವಾದ ರಿಮ್ಮಿನ ಮೇಲೆ ಉಬ್ಬಿ 30 ತೂಗಬಹುದು. ಆದ್ದರಿಂದ ಮುದ್ರಿತ ಅಂಕಿಗಿಂತ ಅಳತೆಗೋಲನ್ನು ನಂಬುವುದು ಲೇಸು.

ಹಳೆಯ ಬಗೆಯ ಬ್ರೇಕಿರುವ ಫ್ರೇಮಿನಲ್ಲಿ ಅದರ ತೋಳಿನ ಉದ್ದವೇ ಕಥೆ ಹೇಳುತ್ತದೆ. ಬ್ರೇಕನ್ನು ಬಿಗಿದ ಬೋಲ್ಟಿನಿಂದ ರಿಮ್ಮನ್ನು ಹಿಡಿಯುವ ರಬ್ಬರಿನವರೆಗೆ 39ರಿಂದ 49 ಮಿಲಿಮೀಟರ್ ಇದ್ದರೆ ಅದು ಓಟದ ಸೈಕಲ್ಲು. ಪೂರ್ತಿ ಅಗಲದ ಮಡ್‌ಗಾರ್ಡಿಗೆ ಅಲ್ಲಿ ಎಡೆ ಸಿಗುವುದು ದುರ್ಲಭ. 47ರಿಂದ 57 ಇದ್ದರೆ 25 ಅಥವಾ 28ರ ಟೈರೂ ಮಡ್‌ಗಾರ್ಡೂ ಹೊಂದಿಕೊಂಡು ಬಾಳುತ್ತವೆ. 32ಕ್ಕಿಂತ ದಪ್ಪ ಬೇಕೆಂಬವರು ಡಿಸ್ಕ್ ಬ್ರೇಕಿನ ಫ್ರೇಮನ್ನೇ ನೋಡುವುದು ಜಾಣತನ. ಕೈ ಬಿಗಿಯಿರುವವರಿಗೆ ಇನ್ನೊಂದು ಉಪಾಯವುಂಟು. ಹಿಂದೆ 27 ಅಂಗುಲದ ಚಕ್ರಕ್ಕೆಂದು ಕಟ್ಟಿದ ಹಳೆಯ ಉಕ್ಕಿನ ಫ್ರೇಮುಗಳು ಅಗ್ಗವಾಗಿ ದೊರೆಯುತ್ತವೆ. ಆ ರಿಮ್ಮಿನಲ್ಲಿ ಟೈರು ಕೂಡುವ ಅಂಚಿನ ವ್ಯಾಸ 630 ಮಿಲಿಮೀಟರ್. ಈಗಿನ 700ಸಿ ಚಕ್ರದ್ದು 622. ಹೊಸ ಚಕ್ರ ಹಾಕಿದರೆ ನೆತ್ತಿಯಲ್ಲಿ 4 ಮಿಲಿಮೀಟರ್ ತೆರವು ಪುಕ್ಕಟೆಯಾಗಿ ಸಿಕ್ಕಂತಾಯಿತು. ಬ್ರೇಕಿನ ತೋಳು ಮಾತ್ರ ಅಷ್ಟು ಕೆಳಗೆ ಎಟುಕುವಂತಿರಬೇಕು.

ನೋಡಬೇಕಾದ ಎಡೆಗಳು ಮುಖ್ಯವಾಗಿ ನಾಲ್ಕು: ಫೋರ್ಕಿನ ನೆತ್ತಿಯ ಕೆಳಗೆ, ಹಿಂದಿನ ಬ್ರೇಕಿನ ಕೆಳಗೆ, ಪೆಡಲಿನ ಅಚ್ಚಿನ ಹಿಂದೆ ಎರಡು ಕೊಳವೆಗಳು ಚಕ್ರವನ್ನು ಅಪ್ಪಿಕೊಳ್ಳುವಲ್ಲಿ, ಮತ್ತು ಪಾದದ ತುದಿಗೂ ಮುಂದಿನ ಮಡ್‌ಗಾರ್ಡಿಗೂ ನಡುವೆ. ಈ ಕಡೆಯದನ್ನು ಮರೆತವರು ಮೆಲ್ಲಗೆ ತಿರುಗುವ ತಿರುವಿನಲ್ಲಿ ಬೂಟು ತಗುಲಿ ನೆಲಕ್ಕುರುಳುತ್ತಾರೆ. ಕೈಯಳತೆಯಲ್ಲಿ ಹೇಳುವುದಾದರೆ, ಮಡ್‌ಗಾರ್ಡು ಹಾಕುವ ಮುನ್ನ ಟೈರಿನ ಮೇಲೆ ಹೆಬ್ಬೆರಳು ಸಲೀಸಾಗಿ ನುಗ್ಗಬೇಕು; ಹಾಕಿದ ಮೇಲೆ ಕಿರುಬೆರಳಿನ ತುದಿಯಾದರೂ ಆಡಬೇಕು.

ಇಷ್ಟು ಲೆಕ್ಕಾಚಾರವೇಕೆಂದು ನಗುವವರು ಉಂಟು. ನಗುವ ಮಾತಲ್ಲ. ಒದ್ದೆ ರಸ್ತೆಯಲ್ಲಿ ಟೈರಿಗೆ ಅಂಟಿಕೊಂಡ ಹರಳೋ ಕಡ್ಡಿಯೋ ಚಕ್ರದೊಡನೆ ಮೇಲೇರುತ್ತದೆ. ತೆರವಿದ್ದರೆ ಟಕ್ಕೆಂದು ಸದ್ದು ಮಾಡಿ ಆಚೆಗೆ ಉದುರುತ್ತದೆ. ತೆರವಿಲ್ಲದಿದ್ದರೆ ನಡುವೆ ಸಿಕ್ಕಿಬಿದ್ದು, ಮಡ್‌ಗಾರ್ಡನ್ನು ಮುದುರಿಸಿ ಫೋರ್ಕಿಗೆ ತುರುಕುತ್ತದೆ. ಚಕ್ರ ಕ್ಷಣಾರ್ಧದಲ್ಲಿ ನಿಲ್ಲುತ್ತದೆ. ಸವಾರನು ಹ್ಯಾಂಡಲಿನ ಮೇಲಿಂದ ಎಗರಿ ಬೀಳುತ್ತಾನೆ. ವಿನ್ನಟ್ಸಿನಂಥ ಇಳಿಜಾರಿನಲ್ಲಿ ಅದರ ಫಲವೇನೆಂದು ವಿವರಿಸಬೇಕಾಗಿಲ್ಲ. ಈ ಅಪಾಯಕ್ಕೆಂದೇ ಮುಂದಿನ ಮಡ್‌ಗಾರ್ಡಿನ ಕಡ್ಡಿಗಳನ್ನು, ಬಲವಾಗಿ ಎಳೆದರೆ ತಾವಾಗಿ ಕಳಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ಪುಗಳಿಂದ ಸಿಕ್ಕಿಸುತ್ತಾರೆ. ಒಳ್ಳೆಯ ಏರ್ಪಾಡೇನೋ ಸರಿ. ಆದರೆ ಇಕ್ಕಟ್ಟಾದ ಫ್ರೇಮಿನ ದೋಷವನ್ನು ಕ್ಲಿಪ್ಪು ಪೂರ್ತಿ ಪರಿಹರಿಸಲಾರದು.

ಇನ್ನು ಫ್ರೇಮಿನ ಲೋಹದ ವಿಚಾರ. ಉಕ್ಕು ಬಾಳಿಕೆಯದು, ಬೆಸುಗೆಗೆ ಒಗ್ಗುವಂಥದು; ಆದರೆ ಉಪ್ಪುನೀರು ಕೊಳವೆಯೊಳಗೆ ನಿಂತರೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಪೆಡಲಿನ ಅಚ್ಚಿನ ಕೆಳಗೆ ನೀರು ಬಸಿಯುವ ತೂತಿರುವುದನ್ನು ನೋಡಿಕೊಂಡು, ಒಳಗೆ ಎಣ್ಣೆ ಹಾಯಿಸುವುದು ವಾಡಿಕೆ. ಅಲ್ಯೂಮಿನಿಯಮ್ ಅಗ್ಗ, ಕೆಂಪು ತುಕ್ಕಿನ ಭಯವಿಲ್ಲ. ಆದರೆ ಗ್ರೀಸು ಕಾಣದ ಉಕ್ಕಿನ ಬೋಲ್ಟುಗಳು ಅದರಲ್ಲಿ ಕಚ್ಚಿಕೊಂಡುಬಿಡುತ್ತವೆ. ಟೈಟೇನಿಯಮ್ಮಿಗೆ ಉಪ್ಪಿನ ಅಂಜಿಕೆಯೇ ಇಲ್ಲ. ಅಂಜಿಕೆಯಿರುವುದು ಕೊಳ್ಳುವವನ ಜೇಬಿಗೆ.

ಕನ್ನಡ ನಾಡಿನ ಮನೆಗಳಿಗೆ ಈ ಮಾತು ತೀರ ಅಪರಿಚಿತವೇನಲ್ಲ. ತಂದೆ ತಾತಂದಿರು ಕಚೇರಿಗೆ ತುಳಿದುಕೊಂಡು ಹೋಗುತ್ತಿದ್ದ ಕಪ್ಪು ಸೈಕಲ್ಲು ಬ್ರಿಟನ್ನಿನ ಮಳೆಗಾಲದ ಸಂತಾನವೇ. ರ್‍ಯಾಲಿ ನಾಟಿಂಗ್‌ಹ್ಯಾಮಿನದು, ಹರ್ಕ್ಯುಲಿಸ್ ಬರ್ಮಿಂಗ್‌ಹ್ಯಾಮಿನದು. 1949ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟಿ.ಐ. ಕಂಪನಿ ಆ ಹರ್ಕ್ಯುಲಿಸನ್ನು ಭಾರತದಲ್ಲಿಯೇ ತಯಾರಿಸತೊಡಗಿತು. ಅದರ ಅಗಲವಾದ ತಗಡಿನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಬೆರಳಾಡುವಷ್ಟು ತೆರವನ್ನು ಕಟ್ಟಿದವನು ಮೊದಲೇ ಇಟ್ಟಿದ್ದನು. ಜೇಡಿಮಣ್ಣು ಮೆತ್ತಿಕೊಂಡಾಗ ಕಡ್ಡಿಯಿಂದ ಕೆದಕಿ ತೆಗೆದ ನೆನಪಿರುವವರಿಗೆ ಆ ತೆರವಿನ ಬೆಲೆ ಗೊತ್ತು.

ಶೆಫೀಲ್ಡಿನ ಸವಾರರು ಸಂಜೆಗತ್ತಲಿನಲ್ಲಿ ಬೆಟ್ಟದಿಂದ ಇಳಿದು ಬರುವಾಗ ಕೆಂಪು ದೀಪಗಳ ಸಾಲೊಂದು ಕಾಣುತ್ತದೆ. ಪ್ರತಿಯೊಂದು ದೀಪದ ಕೆಳಗೂ ಒಂದು ರಬ್ಬರಿನ ನಾಲಗೆ ನೆಲವನ್ನು ಸವರುತ್ತಿರುತ್ತದೆ. ಅದರ ಉಪಕಾರ ಅದನ್ನು ಕಟ್ಟಿಕೊಂಡವನಿಗೆ ಅಷ್ಟಿಲ್ಲ. ಹಿಂದಿನವನು ಕಣ್ಣುಬಿಟ್ಟುಕೊಂಡು ಬರುವಂತಾಯಿತೆಂಬುದೇ ಅದರ ಸಾರ್ಥಕ್ಯ. ಮನೆ ಸೇರಿದೊಡನೆ ಚಹಾಕ್ಕಿಂತ ಮೊದಲು ಒಂದು ಬಕೀಟು ಬೆಚ್ಚನೆಯ ನೀರು ಸೈಕಲ್ಲಿಗೆ ಸಲ್ಲುತ್ತದೆ. ಉಪ್ಪು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಮಡ್‌ಗಾರ್ಡಿನ ತಿರುಪುಗಳನ್ನು ಬಿಗಿದು, ಗೋಡೆಗೆ ಒರಗಿಸಿದರೆ ಮುಂದಿನ ಭಾನುವಾರಕ್ಕೆ ಅದು ಸಿದ್ಧ.