ರೇಷ್ಮೆಗೂಡಿನಿಂದ ಮಡ್‌ಗಾರ್ಡಿನವರೆಗೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರವಾದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಕಳೆದ ದಸರಾ ರಜೆಯ ಒಂದು ಬೆಳಿಗ್ಗೆ ನಾನು ಅಲ್ಲಿ ನಿಂತು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗಾಗಿ ಕಾಯುತ್ತಿದ್ದೆ. ಕನಕಪುರ ತಾಲ್ಲೂಕಿನ ಸಾತನೂರಿನ ಕಡೆ ಅವನದೊಂದು ಮಾವು-ತೆಂಗಿನ ತೋಟವಿದೆ. ಹೊತ್ತಿಗೆ ಸರಿಯಾಗಿ ಅವನ ಹಳೆಯ ಪಿಕಪ್ ಬಂದು ನಿಂತಿತು. ಹಿಂದಿನ ತೊಟ್ಟಿಯಲ್ಲಿ ಕಂಬಳಿ ಸುತ್ತಿದ ಎರಡು ದೊಡ್ಡ ಗಂಟುಗಳಿದ್ದವು.

“ಏನಪ್ಪಾ ಇದು?”

“ಫೈಬರ್ ಮಡ್‌ಗಾರ್ಡು ಮೇಷ್ಟ್ರೇ. ಬೆಂಗಳೂರಲ್ಲಿ ಮಾಡಿಸಿದೆ. ಇವತ್ತು ತೋಟದಲ್ಲಿ ಕೂತು ಹಾಕೋದು. ನೀವೂ ಬನ್ನಿ.”

ಜೊತೆಗೆ ಒಬ್ಬ ಹುಡುಗನಿದ್ದ. ಡಿಪ್ಲೊಮಾ ಎರಡನೇ ವರ್ಷ ಓದುತ್ತಿದ್ದಾನೆ, ರಜೆಯಲ್ಲಿ ಕೈಕೆಲಸಕ್ಕೆ ಬರುತ್ತಾನೆ. ಅವನ ತಾಯಿ ಇಲ್ಲಿಯೇ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಬಿಸಿನೀರಿನಲ್ಲಿ ಕೈಯಾಡಿಸಿ ದುಡಿದು ಮಗನನ್ನು ಓದಿಸುತ್ತಿದ್ದಾರೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಸಿಗಬೇಕೆಂಬುದು ತಾಯಿ-ಮಗ ಇಬ್ಬರ ಆಸೆ.

ಮಡ್‌ಗಾರ್ಡನ್ನು ಬದಲಾಯಿಸುವುದೇಕೆ? ಮಳೆಗಾಲದಲ್ಲಿ ತೋಟದ ಇಳಿಜಾರು ಕೆಸರಿನ ಗುಂಡಿಯಾಗುತ್ತದೆ. ಅದಕ್ಕೆಂದು ಅವನು ದೊಡ್ಡ ಟೈರು ತಂದಿದ್ದಾನೆ. ಆದರೆ ಚಕ್ರ ಕಲ್ಲಿನ ಮೇಲೆ ಹತ್ತಿ, ಸ್ಪ್ರಿಂಗು ಕುಗ್ಗಿ, ಅದೇ ಹೊತ್ತಿಗೆ ಸ್ಟಿಯರಿಂಗು ಪೂರ್ತಿ ತಿರುಗಿದರೆ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ. ಫೈಬರಿನದನ್ನು ಹೊರಕ್ಕೆ ಉಬ್ಬಿಸಿ, ಚಕ್ರದ ಬಾಯಿಯನ್ನು ಎತ್ತರಿಸಿ ಅಚ್ಚು ಹಾಕಿರುತ್ತಾರೆ.

ದಾರಿಯಲ್ಲಿ ಹುಡುಗ ಕೇಳಿದ: “ಗಾಜು ಬಿದ್ದರೆ ಒಡೆಯುತ್ತಲ್ಲ ಸಾರ್, ಅದರಲ್ಲಿ ಮಡ್‌ಗಾರ್ಡು ಹೇಗೆ?” ನಾನು ಮಾರುಕಟ್ಟೆಯ ಮುಂದೆ ಬಿದ್ದಿದ್ದ ಒಂದು ರೇಷ್ಮೆಗೂಡನ್ನು ಜೇಬಿಗೆ ಹಾಕಿಕೊಂಡಿದ್ದೆ. ಅದನ್ನು ಅವನ ಕೈಗೆ ಕೊಟ್ಟು ಅಮುಕಲು ಹೇಳಿದೆ. ನೂರಾರು ಮೀಟರ್ ಉದ್ದದ ಒಂದೇ ಎಳೆ. ಅದನ್ನು ಸುತ್ತು ಸುತ್ತಾಗಿ ಅಂಟಿಸಿ ಹಿಡಿದಿರುವುದು ಹುಳುವೇ ಸ್ರವಿಸಿದ ಗೋಂದು. ಎಳೆಯ ಹೆಸರು ಫೈಬ್ರಾಯಿನ್, ಗೋಂದಿನ ಹೆಸರು ಸೆರಿಸಿನ್. “ಅದಕ್ಕೇ ಅಮ್ಮ ಬಿಸಿನೀರಿಗೆ ಹಾಕಿದ ಮೇಲೇ ಎಳೆ ಬಿಡೋದು!” ಎಂದ ಹುಡುಗ. ಹೌದು, ಬಿಸಿನೀರಿಗೆ ಗೋಂದು ಸಡಿಲವಾಗುತ್ತದೆ. ಎಳೆ ಎಳೆತವನ್ನು ತಡೆಯುತ್ತದೆ, ಅಂಟು ಎಳೆಗಳನ್ನು ಒಟ್ಟಿಗೆ ಹಿಡಿದು ಆಕಾರ ಕೊಡುತ್ತದೆ. ಫೈಬರ್ ಮಡ್‌ಗಾರ್ಡಿನ ಗುಟ್ಟೂ ಇದೇ. ಅಲ್ಲಿ ಎಳೆ ಗಾಜಿನದು, ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್.

ಚನ್ನಪಟ್ಟಣದಲ್ಲಿ ಕಾಫಿಗೆ ಇಳಿದೆವು. ಹತ್ತಿರದಲ್ಲೇ ಒಬ್ಬರು ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಬುಗುರಿ ಕಡೆಯುತ್ತಿದ್ದರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅರಗೂ ಒಂದು ರೆಸಿನ್ನೇ, ಕೀಟ ಕೊಟ್ಟದ್ದು. ಆದರೆ ಅದು ಬೆಲ್ಲದ ಹಾಗೆ: ಬಿಸಿಗೆ ಕರಗುತ್ತದೆ, ಆರಿದರೆ ಗಟ್ಟಿ, ಮತ್ತೆ ಕಾಸಿದರೆ ಮತ್ತೆ ಮೆದು. ಮಡ್‌ಗಾರ್ಡಿನ ರೆಸಿನ್ ರಾಗಿಮುದ್ದೆಯ ಹಾಗೆ. ಹಾರ್ಡ್‌ನರ್ ಬೆರೆತ ಮೇಲೆ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ಬಿಸಿಯೂ ಹುಟ್ಟುತ್ತದೆ. ಒಮ್ಮೆ ಬೆಂದ ಮುದ್ದೆ ಮತ್ತೆ ಹಿಟ್ಟಾಗದು.

ಫೈಬರ್ ಮೈಯ ವಾಹನ ನಮ್ಮವರಿಗೆ ಹೊಸದೇನಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1970ರ ದಶಕದಲ್ಲೇ ‘ಬಾದಲ್’ ಎಂಬ ಮೂರು ಚಕ್ರದ ಫೈಬರ್ ಕಾರನ್ನೂ, 1982ರಲ್ಲಿ ‘ಡಾಲ್ಫಿನ್’ ಕಾರನ್ನೂ ತಂದಿತ್ತು. ಅಮೆರಿಕದಲ್ಲಿ 1953ರ ಕಾರ್ವೆಟ್ ಕಾರಿನ ಮೈ ಕೂಡ ಇದರದೇ.

ತೋಟ ತಲುಪಿದಾಗ ಹತ್ತೂವರೆ. ಶೆಡ್ಡಿನಲ್ಲಿ ಬಂಪರು, ಒಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ತಗಡಿನ ಮಡ್‌ಗಾರ್ಡುಗಳನ್ನು ಇಳಿಸಿದೆವು. ಹುಡುಗ ಎರಡನ್ನೂ ಎತ್ತಿ ನೋಡಿ, “ಇಷ್ಟೇ ವ್ಯತ್ಯಾಸವಾ?” ಎಂದು ಮುಖ ಸಣ್ಣದು ಮಾಡಿದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಸಿದೆ. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ, ಈ ಫೈಬರು ಸುಮಾರು 1.5 ಪಟ್ಟು. ಆದರೆ ತಗಡು 0.8 ಮಿ.ಮೀ. ದಪ್ಪವಿದ್ದರೆ ಫೈಬರು 3 ಮಿ.ಮೀ. ಬೇಕು. ಒಂದು ಚದರ ಮೀಟರಿಗೆ ತಗಡು ಸುಮಾರು 6.2 ಕಿಲೋ, ಫೈಬರು 4.5 ಕಿಲೋ. ಐದರಲ್ಲೊಂದು ಭಾಗವಲ್ಲ, ಮುಕ್ಕಾಲು ಭಾಗ ಎನ್ನಿ. ಇದರ ನಿಜವಾದ ಲಾಭ ತುಕ್ಕು ಹಿಡಿಯದಿರುವುದು, ಬೇಕಾದ ಆಕಾರಕ್ಕೆ ಬಗ್ಗುವುದು.

ಮಡ್‌ಗಾರ್ಡನ್ನು ಇಟ್ಟು ನೋಡಿದರೆ ಬಾನೆಟ್ಟಿನ ಕಡೆ ಸಂದು ಸರಿಯಾಗಿ ಕೂರಲಿಲ್ಲ. ಅಂಚು ಸವರಬೇಕು. ಹುಡುಗ ಗ್ರೈಂಡರ್ ಹಿಡಿದ. ಎರಡು ನಿಮಿಷದಲ್ಲಿ ಶೆಡ್ಡಿನ ಬಿಸಿಲುಕೋಲಿನಲ್ಲಿ ಬೆಳ್ಳಗೆ ಧೂಳು ಮಿನುಗತೊಡಗಿತು. ಹುಡುಗ ಬನಿಯನ್ನಿನಲ್ಲಿದ್ದ, ಬಾಯಿಗೆ ಒಂದು ಚಿಂದಿ ಬಟ್ಟೆಯೂ ಇಲ್ಲ. “ನಿಲ್ಲಿಸು!” ಎಂದು ಕೂಗಿದೆ. ಆ ಧೂಳಿನಲ್ಲಿರುವುದು ಗಾಜಿನ ಚೂರು. ಚರ್ಮ, ಕಣ್ಣು, ಗಂಟಲು ಎಲ್ಲಕ್ಕೂ ಅದು ಕೇಡು. ನನ್ನ ವಿದ್ಯಾರ್ಥಿಗೆ ತಡವಾಗುವ ಚಿಂತೆ. “ಒಂದೈದು ನಿಮಿಷದ ಕೆಲಸ ಮೇಷ್ಟ್ರೇ” ಎಂದ. ಅವನಿಗೆ ಐದು ನಿಮಿಷ, ಹುಡುಗನಿಗೆ ಆಯುಷ್ಯವಿಡೀ ಬೇಕಾದ ಶ್ವಾಸಕೋಶ. ತಾಯಿ ಬಿಸಿನೀರಿನಲ್ಲಿ ಕೈ ಬೇಯಿಸಿಕೊಳ್ಳುವುದು ಮಗ ಗಾಜಿನ ಧೂಳು ಕುಡಿಯಲೆಂದೇ? ಕೆಲಸ ನಿಂತಿತು. ಸಾತನೂರಿಗೆ ಹೋಗಿ ಧೂಳಿನ ಮಾಸ್ಕು, ಕನ್ನಡಕ, ಕೈಗವಸು, ತುಂಬುತೋಳಿನ ಅಂಗಿ ತಂದದ್ದಾಯಿತು. ಆಮೇಲೆ ಬಯಲಿನಲ್ಲಿ, ನೀರು ಹಾಕುತ್ತಾ, ಮರಳುಕಾಗದದಲ್ಲಿ ಕೈಯಿಂದಲೇ ಉಜ್ಜಿದೆವು. ಒಂದು ಗಂಟೆ ಹೆಚ್ಚು ಹಿಡಿಯಿತು, ಅಷ್ಟೆ.

ಮುಂದಿನ ತಪ್ಪು ನನ್ನದೇ. ಬೋಲ್ಟು ಭದ್ರವಾಗಲೆಂದು ಸ್ಪ್ಯಾನರಿಗೆ ಇನ್ನೊಂದು ಸುತ್ತು ಬಲ ಹಾಕಿದೆ. ‘ಚಟ್’ ಎಂದಿತು. ತೂತಿನ ಸುತ್ತ ಜೇಡರ ಬಲೆಯಂಥ ಬಿರುಕು. ತಗಡಾದರೆ ತುಸು ತಗ್ಗಿ ಬಲ ಹಂಚಿಕೊಳ್ಳುತ್ತಿತ್ತು. ಫೈಬರಿಗೆ ತೂತು ಬೋಲ್ಟಿಗಿಂತ ತುಸು ದೊಡ್ಡದಿರಬೇಕು, ಅಗಲದ ವಾಷರು ಬೇಕು, ಬಿಗಿತ ಹದವಾಗಿರಬೇಕು.

ಎಲ್ಲ ಕೂಡಿಸಿ ಸಂಜೆ ದೀಪ ಹಾಕಿದರೆ ಮಡ್‌ಗಾರ್ಡಿನ ಮೇಲಿನ ಇಂಡಿಕೇಟರು ಹೊತ್ತಲಿಲ್ಲ. ಬಲ್ಬು ಸರಿ, ಫ್ಯೂಸು ಸರಿ. ಇಬ್ಬರೂ ನನ್ನ ಮುಖ ನೋಡಿದರು. ಮೂವತ್ತು ವರ್ಷ ವಿದ್ಯುನ್ಮಂಡಲ ಪಾಠ ಮಾಡಿದವನಿಗೂ ಹೊಳೆಯಲು ಹತ್ತು ನಿಮಿಷ ಬೇಕಾಯಿತು! ಆ ಪಿಕಪ್‌ನಲ್ಲಿ ದೀಪಕ್ಕೆ ಬರುವ ತಂತಿ ಒಂದೇ. ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ ತಗಡಿನ ಮೈಯೇ. ಫೈಬರು ವಿದ್ಯುತ್ತನ್ನು ಹರಿಯಗೊಡದು. ಒಂದು ಅರ್ತ್ ತಂತಿ ಎಳೆದು ಷಾಸಿಗೆ ಕಟ್ಟಿದೆವು. ದೀಪ ಮಿಟುಕಿತು, ಹುಡುಗ ಚಪ್ಪಾಳೆ ತಟ್ಟಿದ.

ತಗಡಿನ ಮಡ್‌ಗಾರ್ಡು ಕೆಸರು ತಡೆಯುವುದರ ಜೊತೆಗೆ ಎಷ್ಟು ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು ನೋಡಿ. ಬೋಲ್ಟಿನ ಬಿಗಿತ ಸಹಿಸುತ್ತಿತ್ತು, ದೀಪಕ್ಕೆ ದಾರಿಯಾಗಿತ್ತು. ಹಳೆಯದನ್ನು ಕಳಚುವ ಮೊದಲು ಅದು ಏನೇನು ಮಾಡುತ್ತಿತ್ತೆಂದು ಪಟ್ಟಿ ಮಾಡದಿದ್ದರೆ ಆ ಕೆಲಸಗಳೆಲ್ಲ ಅನಾಥವಾಗುತ್ತವೆ.

“ಮುಂದಿನ ವಾರ ಮಾಗಡಿ ಕಡೆ ಗೆಳೆಯನ ಜಮೀನಲ್ಲಿ ಕೆಸರಿನ ಓಟ ಇದೆ ಮೇಷ್ಟ್ರೇ, ಹೀಗೇ ಓಡಿಸಿಕೊಂಡು ಹೋಗ್ತೀನಿ” ಎಂದ ನನ್ನ ವಿದ್ಯಾರ್ಥಿ. ನಾನು ಒಪ್ಪಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ ವಿವರಕ್ಕೆ ಹೊರತಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿಹಿಡಿಯಿತು. ಹೊರಚಾಚಿದ ಟೈರು ಎದುರಿನ ಸೈಕಲ್ ಸವಾರನಿಗೆ ಕಾಣಬೇಕಲ್ಲ? ಅವನು ಗೊಣಗಿದ. ಆದರೆ ವಾಹನವನ್ನು ಲಾರಿಯ ಮೇಲೇ ಸಾಗಿಸಿದ. ರಸ್ತೆಗೆ ಇಳಿಸುವ ದಿನಗಳಿಗಾಗಿ ತಗಡಿನ ಮಡ್‌ಗಾರ್ಡು, ಹಳೆಯ ಟೈರು ಶೆಡ್ಡಿನಲ್ಲಿ ಜೋಪಾನವಾಗಿವೆ.

ಆ ಭಾನುವಾರ ನಾನೂ ಮಾಗಡಿಗೆ ಹೋಗಿದ್ದೆ, ಸಾವನದುರ್ಗದ ಬುಡದ ಹಳ್ಳಿಯಲ್ಲಿರುವ ಅಕ್ಕನ ಮನೆಗೆ. ಹಿತ್ತಲಿನ ಹಳೆಯ ಮಣ್ಣಿನ ಗೋಡೆ ಒಂದು ಕಡೆ ಉದುರಿ, ಒಳಗಿನ ಹುಲ್ಲಿನ ಎಳೆಗಳು ಕಾಣುತ್ತಿದ್ದವು. “ಹುಲ್ಲು ಕಲಸದೆ ಇದ್ದರೆ ಒಣಗುವಾಗಲೇ ಗೋಡೆ ಬಿರಿಯುತ್ತೆ ಕಣಪ್ಪ” ಎಂದರು ಭಾವ. ಎಳೆ ಮತ್ತು ಅಂಟಿನ ಪಾಠವನ್ನು ನಮ್ಮ ಹಿರಿಯರು ಕಾಲಿನಿಂದ ತುಳಿದೇ ಕಲಿತಿದ್ದರು.

ಸಂಜೆ ಹುಡುಗನ ಫೋನು ಬಂತು. ಬಲಗಡೆಯ ಮಡ್‌ಗಾರ್ಡು ಬಂಡೆಗೆ ತಾಗಿ ಗೇಣುದ್ದ ಸೀಳಿದೆಯಂತೆ. ನಾಳೆ ಒಳಗಿನಿಂದ ಎರಡು ಪದರ ಮ್ಯಾಟು, ರೆಸಿನ್ ಹಾಕಿ ತಾನೇ ಸರಿಮಾಡುತ್ತೇನೆ ಎಂದ. ನಾನು ಬಾಯಿ ತೆರೆಯುವ ಮೊದಲೇ ಸೇರಿಸಿದ: “ಮಾಸ್ಕು ಬ್ಯಾಗಲ್ಲೇ ಇದೆ ಸಾರ್. ಅಮ್ಮನಿಗೂ ಹೇಳಿದ್ದೀನಿ.”