ಹಾಲೂ ಹಾಲುಹಲ್ಲೂ

ಮಗು ದುಂಡಗಿದ್ದರೆ ನೆರೆಯವರು ದೃಷ್ಟಿ ತೆಗೆಯಿರೆನ್ನುತ್ತಾರೆ. ಸೊರಗಿದ್ದರೆ ತಾಯಿಯನ್ನೇ ದಿಟ್ಟಿಸಿ ನೋಡುತ್ತಾರೆ. ಸಣಕಲು ಮಗುವನ್ನು ಸೊಂಟದಲ್ಲಿರಿಸಿಕೊಂಡು ಮದುವೆಮನೆಗೆ ಹೋದ ಹೆಣ್ಣುಮಗಳು ಎಷ್ಟು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆಂಬುದನ್ನು ಬಲ್ಲವರೇ ಬಲ್ಲರು. "ಹಾಲು ಕುಡಿಸುವುದಿಲ್ಲವೇನಮ್ಮ?" ಎಂಬುದು ಅವುಗಳಲ್ಲಿ ಮೊದಲನೆಯದು. ಆ ಪ್ರಶ್ನೆಗೆ ಅಂಜಿದ ತಾಯಂದಿರಿಗೆ ಹಾಲಿನ ಬಾಟಲಿಯೇ ಆಸರೆ.

ನಮ್ಮ ಮೊಮ್ಮಗಳು ಹುಟ್ಟಿದಾಗ 2.1 ಕಿಲೋ ತೂಗಿದಳು. ಎರಡು ವರ್ಷ ತುಂಬಿದಾಗ 8.5. ಆ ವಯಸ್ಸಿನ ಹೆಣ್ಣುಮಕ್ಕಳ ತೂಕ 11 ಕಿಲೋ ಆಸುಪಾಸಿನಲ್ಲಿರುವುದು ವಾಡಿಕೆ. 9ಕ್ಕಿಂತ ಕೆಳಗಿದ್ದರೆ ವೈದ್ಯರು ಕಡಿಮೆ ತೂಕವೆಂದೇ ಎಣಿಸುತ್ತಾರೆ. ತಟ್ಟೆಯನ್ನು ಕಂಡರೆ ಬಾಯಿ ಬಿಗಿಹಿಡಿಯುವ ಈ ಹುಡುಗಿ ಬಾಟಲಿಯನ್ನು ಮಾತ್ರ ಎಂದೂ ಬೇಡವೆಂದವಳಲ್ಲ. ಆದುದರಿಂದ ನಮ್ಮ ಸೊಸೆ ಮಲಗುವಾಗ ಒಂದು, ನಡುರಾತ್ರಿಯಲ್ಲಿ ಒಂದು, ಬೆಳಗಿನ ಜಾವ ಮತ್ತೊಂದು ಎಂದು ಸಕ್ಕರೆ ಬೆರೆಸಿದ ಹಾಲಿನ ಬಾಟಲಿ ಕೊಡುತ್ತಿದ್ದಳು. ಹೀಗಿರಲು ಮಗುವಿನ ಮೇಲಿನ ಮುಂಬಲ್ಲುಗಳ ಬುಡದಲ್ಲಿ ಸುಣ್ಣ ಬಳಿದಂತೆ ಬಿಳಿಯ ಗೆರೆ ಕಾಣಿಸಿಕೊಂಡಿತು; ಕೆಲವು ತಿಂಗಳಲ್ಲಿ ಅದು ಕಂದುಬಣ್ಣಕ್ಕೆ ತಿರುಗಿತು.

ದಂತವೈದ್ಯರು ಬಾಟಲಿಯನ್ನು ನಿಲ್ಲಿಸಬೇಕೆಂದರು. ಮನೆಗೆ ಬಂದ ಸೊಸೆ ನನ್ನನ್ನು ಕೇಳಿದಳು: "ಮಾವ, ಹಾಲುಹಲ್ಲು ಹೇಗೂ ಬೀಳುವುದೇ, ಬಿದ್ದರೆ ಇನ್ನೊಂದು ಬರುತ್ತದೆ. ಇರುವ ಎಂಟೂವರೆ ಕಿಲೋದಲ್ಲಿ ಒಂದು ಕಿಲೋ ಇಳಿದುಹೋದರೆ ನಾನೇನು ಮಾಡಲಿ?"

ಸುಲಭವಾಗಿ ಉತ್ತರಿಸುವ ಪ್ರಶ್ನೆಯಲ್ಲ ಅದು. ತಕ್ಕಡಿಯ ಒಂದು ಕಡೆ ಮಗುವಿನ ಮೈ, ಇನ್ನೊಂದು ಕಡೆ ಹಲ್ಲು ಎಂದಿಟ್ಟರೆ ಯಾವ ತಾಯಿಯಾದರೂ ಮೈಯನ್ನೇ ಆರಿಸಿಕೊಂಡಾಳು. ಆದರೆ ಮಕ್ಕಳ ವೈದ್ಯರನ್ನೂ ದಂತವೈದ್ಯರನ್ನೂ ಕೇಳಿ ತಿಳಿದ ಮೇಲೆ, ಮೈಯೂ ಹಲ್ಲೂ ತಕ್ಕಡಿಯ ಒಂದೇ ಕಡೆಯಲ್ಲಿವೆಯೆಂಬುದು ನನಗೆ ಮನದಟ್ಟಾಯಿತು.

ಎಚ್ಚರದಲ್ಲಿ ಹಲ್ಲನ್ನು ತೊಳೆಯುತ್ತಿರುವ ಜೊಲ್ಲು ನಿದ್ರೆಯಲ್ಲಿ ತಗ್ಗುತ್ತದೆ. ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಮಗು ನಿದ್ರೆಹೋದರೆ ಹಾಲು ಮೇಲಿನ ಹಲ್ಲುಗಳ ಸುತ್ತ ಬಹಳ ಹೊತ್ತು ನಿಲ್ಲುತ್ತದೆ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಹಲ್ಲನ್ನು ತಿನ್ನುತ್ತದೆ. ಹಾಲುಹಲ್ಲಿನ ಹೊರಕವಚವೋ ಬಲು ತೆಳು. ಹುಳುಕು ದವಡೆಗೆ ಹಬ್ಬಿ ನೋವೆದ್ದರೆ ಮಗು ಅಗಿಯದು, ನಿದ್ರಿಸದು. ತೂಕ ಇನ್ನೂ ಹಿಂದೆ ಬೀಳುತ್ತದೆ. ಹಾಲುಹಲ್ಲು ಬೀಳುವುದೆಂದರೆ ನಾಳೆಯೇ ಅಲ್ಲ: ಮುಂದಿನವು ಆರೇಳನೆಯ ವರ್ಷದಲ್ಲಿ, ದವಡೆಯವು ಹತ್ತು-ಹನ್ನೆರಡರಲ್ಲಿ. ಅಲ್ಲಿಯವರೆಗೆ ಉಣ್ಣಬೇಕಾದದ್ದು ಇವುಗಳಿಂದಲೇ.

ಇತ್ತ, ರಾತ್ರಿಯೆಲ್ಲ ಹಾಲು ಕುಡಿದ ಮಗುವಿಗೆ ಬೆಳಗ್ಗೆ ಹಸಿವೆಲ್ಲಿಯದು? ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರ ಸ್ವಲ್ಪ. ದಿನಕ್ಕೆ ಅರ್ಧ ಲೀಟರು ಮೀರಿದ ಹಾಲಿನಲ್ಲಿಯೇ ಹೊಟ್ಟೆ ತುಂಬಿಸಿಕೊಳ್ಳುವ ಮಗುವಿಗೆ ರಕ್ತಹೀನತೆಯ ಭಯವುಂಟು. ರಕ್ತಹೀನತೆಯಿಂದ ಹಸಿವು ಮತ್ತಷ್ಟು ಕುಂದುತ್ತದೆ. ಒಂದು ವರ್ಷಕ್ಕೆ ಲೋಟವನ್ನು ರೂಢಿಸಿ, ಒಂದೂವರೆ ವರ್ಷದೊಳಗೆ ಬಾಟಲಿಯನ್ನು ಬಿಡಿಸಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ನಮ್ಮ ದೇಶದಲ್ಲಿ 1992ರ ಕಾಯಿದೆ ಹಾಲಿನ ಬಾಟಲಿಯ ಜಾಹೀರಾತನ್ನೇ ನಿಷೇಧಿಸಿದೆ.

ನಮ್ಮ ಹಿರಿಯರ ಒಳಲೆಯಲ್ಲಿ ಈ ತೊಡಕಿರಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಗುಟುಕು ಗುಟುಕಾಗಿ ಹಾಲು ಹೊಯ್ಯಬೇಕಾಗಿತ್ತು. ಒಳಲೆಯನ್ನು ಕಚ್ಚಿಕೊಂಡು ನಿದ್ರೆಹೋದ ಮಗುವನ್ನು ಯಾರೂ ಕಂಡಿರಲಾರರು. ಕಡಿಮೆ ತೂಕದ ಎಳೆಗೂಸುಗಳಿಗೆ ಇಂದಿಗೂ ಆಸ್ಪತ್ರೆಗಳಲ್ಲಿ ಒಳಲೆಯಿಂದ ಹಾಲುಣಿಸುವುದುಂಟು.

ನಾವು ಹಾಲನ್ನು ಬಿಡಿಸಲಿಲ್ಲ. ಅದರ ಹೊತ್ತನ್ನೂ ಪಾತ್ರೆಯನ್ನೂ ಬದಲಿಸಿದೆವು. ಮೊದಲು ಸಕ್ಕರೆ ಹೋಯಿತು, ಆಮೇಲೆ ನಡುರಾತ್ರಿಯ ಬಾಟಲಿ, ಕೊನೆಗೆ ಮಿಕ್ಕೆರಡು. ಹಗಲಿನಲ್ಲಿ ಲೋಟದ ಹಾಲು. ರಾಗಿ ಸರಿಗೆ, ಬೇಳೆಯನ್ನಕ್ಕೆ ತುಪ್ಪ. ಒಂದು ಚಹಾಚಮಚ ತುಪ್ಪದಲ್ಲಿ 60 ಮಿಲಿಲೀಟರು ಹಾಲಿಗಿಂತ ಹೆಚ್ಚು ಶಕ್ತಿಯಿದೆ. ರಾತ್ರಿ ಹಾಲು ಕುಡಿದಾದ ಮೇಲೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವುದು. ಅನಂತರ ನೀರಲ್ಲದೆ ಬೇರೇನೂ ಇಲ್ಲ. ಮಕ್ಕಳ ವೈದ್ಯರು ಆಗಾಗ ತೂಕ ನೋಡುತ್ತಿದ್ದರು.

ಮೊದಲ ಹದಿನೈದು ದಿನದಲ್ಲಿ 200 ಗ್ರಾಂ ಇಳಿಯಿತು. ಸೊಸೆ ಅಂದು ಊಟ ಮಾಡಲಿಲ್ಲ. ಇನ್ನೂ ಎರಡು ವಾರ ತಾಳಿರೆಂದರು ವೈದ್ಯರು. ನಾಲ್ಕು ತಿಂಗಳ ಕೊನೆಗೆ ಮುಳ್ಳು 9.3ಕ್ಕೆ ಬಂದು ನಿಂತಿತು. ಹುಡುಗಿ ಇಂದಿಗೂ ಸಣಕಲೇ. ಹುಳುಕು ತುಂಬಿಸಿದ ಹಲ್ಲುಗಳೂ ಹಾಗೆಯೇ ಇವೆ. ಆದರೆ ಈಗ ರೊಟ್ಟಿಯ ಅಂಚನ್ನು ಕಚ್ಚಿ ಅಗಿಯುತ್ತಾಳೆ, ಹಸಿವೆಂದು ತಾನೇ ಕೇಳುತ್ತಾಳೆ.

ಅಜ್ಜ-ಅಜ್ಜಿಯರಿಗೆ ನನ್ನದೊಂದು ಬಿನ್ನಹ. ಬಾಟಲಿ ಬಿಡಿಸುವ ರಾತ್ರಿಗಳಲ್ಲಿ ಮಗು ಅತ್ತೇ ಅಳುತ್ತದೆ. ಆಗ ಪಕ್ಕದ ಕೋಣೆಯಿಂದ "ಕೊಟ್ಟುಬಿಡಮ್ಮ, ಪಾಪ" ಎಂದು ಕೂಗುವುದು ಸುಲಭ. ಅದರ ಬದಲು ಎದ್ದು ಹೋಗಿ ಮಗುವನ್ನು ಹೆಗಲಿಗೆ ಹಾಕಿಕೊಳ್ಳಿ. ತಾಯಿ ಒಂದು ಗಳಿಗೆ ಮಲಗಲಿ. ನಮ್ಮ ಮನೆಯಲ್ಲಿ ಹತ್ತು ರಾತ್ರಿ ಸರದಿಯ ಮೇಲೆ ಹಾಗೆ ಮಾಡಿದೆವು. ಹನ್ನೊಂದನೆಯ ರಾತ್ರಿ ಎಲ್ಲರಿಗೂ ನಿದ್ರೆ ಬಂದಿತು.